ಅಜ್ಜಿಯ ಕುರ್ಚಿ, ಜಪಾನಿನ ಪುಟ್ಟ ಕಾರು



ಹೋದ ವಾರ ಬಾವಿಯ ರಾಟೆಯ ಬಗ್ಗೆ ಬರೆದಿದ್ದೆ. ಈ ವಾರದ್ದು ನಮ್ಮ ಮನೆಯ ಅಂಗಳದಲ್ಲೇ ಹುಟ್ಟಿದ ಒಂದು ಪ್ರಶ್ನೆ. ಕೇಳಿದವಳು ಆರನೇ ಇಯತ್ತೆ ಓದುವ ನನ್ನ ಮೊಮ್ಮಗಳು. ಉತ್ತರ ಹುಡುಕುತ್ತ ಹೊರಟ ನಾವು ಹಾವೇರಿಯಿಂದ ಜಪಾನಿನ ತನಕ ಹೋಗಿಬರಬೇಕಾಯಿತು.

ಮೊದಲು ಮನೆಯ ಸಂಗತಿ ಹೇಳುತ್ತೇನೆ. ನಮ್ಮ ಮನೆಯ ಅಜ್ಜಿ ವರ್ಷಕ್ಕೆ ಎರಡು ಪ್ರಯಾಣಗಳನ್ನು ಎಂದೂ ತಪ್ಪಿಸಿದವಳಲ್ಲ. ಸಂಕ್ರಾಂತಿ ಕಳೆದ ಮೇಲೆ ಬ್ಯಾಡಗಿಗೆ ಹೋಗಿ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಆರಿಸಿ ತರುವುದು ಒಂದು. ಅಲ್ಲಿಂದ ರಾಣೆಬೆನ್ನೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಇದ್ದು ಬರುವುದು ಇನ್ನೊಂದು. ಹಾವೇರಿಯಿಂದ ಇವೆರಡೂ ದೂರದ ಊರುಗಳಲ್ಲ. ಆದರೆ ಹೋದ ವರ್ಷ ಮೊಣಕಾಲು ನೋವು ಹೆಚ್ಚಾಯಿತು. ನಮ್ಮ ಹಳೆಯ ಮಾರುತಿ 800 ಕಾರಿನಲ್ಲಿ ಅವಳು ಕೂರುವುದೇನೋ ಕೂರುತ್ತಿದ್ದಳು, ಏಳುವಾಗ ಮಾತ್ರ ಇಬ್ಬರು ಕೈ ಹಿಡಿದು ಎತ್ತಬೇಕಾಗುತ್ತಿತ್ತು. ನೆಲದ ಮೇಲೆ ಕುಳಿತವರನ್ನು ಎಬ್ಬಿಸಿದ ಹಾಗೆ.

ಸಂಕ್ರಾಂತಿಗೆ ಮಗ ಬೆಂಗಳೂರಿನಿಂದ ಒಂದು ದೊಡ್ಡ ಗಾಡಿ ತಂದಿದ್ದ. ಜೀಪಿನಂಥದು, ಎತ್ತರದ್ದು. "ಅವ್ವಾ, ಇದರಾಗ ಆರಾಮ ಹೋಗಬಹುದು" ಅಂದ. ಅಜ್ಜಿ ಬಾಗಿಲ ಹತ್ತಿರ ಬಂದಳು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಮೇಲಿನ ಹಿಡಿಕೆ ಹಿಡಿದಳು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಕಾಲು ಕೆಳಗಿಟ್ಟಳು. "ನೀವು ಹೋಗಿ ಬರ್ರಿ, ನಾ ಮನಿ ನೋಡ್ಕೋತೀನಿ" ಎಂದು ನಕ್ಕಳು.

ನಾವು ಹೋದೆವು, ಮೆಣಸಿನಕಾಯಿ ತಂದೆವು. ಅವಳು ಒಂದು ಕಾಯಿ ಮುರಿದು ಮೂಸಿ ನೋಡಿ "ಚಲೋ ಅದಾವ" ಅಂದಳು. ಅಷ್ಟೇ. ಆಮೇಲೆ ಇಡೀ ವರ್ಷ ಅವಳು ಹಾವೇರಿಯ ಗಡಿ ದಾಟಲಿಲ್ಲ. ಅಕ್ಕನ ಜತೆ ಮಾತು ಫೋನಿನಲ್ಲಿ ಮಾತ್ರ.

ಈ ವರ್ಷ ಮೊಮ್ಮಗಳು ಕೇಳಿದ ಪ್ರಶ್ನೆ ಇದು: "ಅಜ್ಜಾ, ಅಜ್ಜಿ ಕಟ್ಟಿಗಿ ಕುರ್ಚಿ ಮ್ಯಾಲಿಂದ ತಾನ ಏಳ್ತಾಳ. ಕಾರಿನ್ಯಾಗಿಂದ ಯಾಕ ಏಳಾಕ ಆಗೂದಿಲ್ಲ?"

ನಾನು "ವಯಸ್ಸಾತಲ್ಲ" ಎಂದು ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಮೊಣಕಾಲು ಅವೇ, ಅಜ್ಜಿಯೂ ಅವಳೇ. ಬದಲಾದದ್ದು ಆಸನ. ಹಾಗಾದರೆ ತಪ್ಪು ಮೊಣಕಾಲಿನದೋ, ಆಸನದ್ದೋ?

ಕೋಲಿನ ಮೇಲೆ ನಾಲ್ಕು ಗೆರೆ

ಮೊಮ್ಮಗಳು ಹಿತ್ತಲಿನಿಂದ ಒಂದು ಉದ್ದನೆಯ ಕೋಲು ತಂದಳು. ಅಜ್ಜಿಯ ಕುರ್ಚಿಯ ಪಕ್ಕ ಕೋಲನ್ನು ನೆಟ್ಟಗೆ ನಿಲ್ಲಿಸಿ, ಕೂರುವ ಹಲಗೆಯ ಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದಳು. ಆಮೇಲೆ ನಮ್ಮ 800ರ ಬಾಗಿಲು ತೆಗೆದು, ಕೋಲನ್ನು ನೆಲಕ್ಕೂರಿ, ಸೀಟಿನ ಮಟ್ಟಕ್ಕೆ ಇನ್ನೊಂದು ಗೆರೆ. ಅದು ಕುರ್ಚಿಯ ಗೆರೆಗಿಂತ ಸಾಕಷ್ಟು ಕೆಳಗೆ ಬಂತು. ಎದುರು ಮನೆಯವರ ದೊಡ್ಡ ಗಾಡಿಯ ಸೀಟಿಗೆ ಮೂರನೇ ಗೆರೆ. ಅದು ಅಜ್ಜಿಯ ಸೊಂಟಕ್ಕಿಂತಲೂ ಮೇಲಿತ್ತು.

"ಒಂದು ಬಾವಿ, ಇನ್ನೊಂದು ಅಟ್ಟ" ಅಂದಳು ಮೊಮ್ಮಗಳು. ಎರಡಕ್ಕೂ ಅಜ್ಜಿಯ ಮೊಣಕಾಲು ಒಪ್ಪುವುದಿಲ್ಲ.

ನಮ್ಮ ಓಣಿಯ ಮೇಷ್ಟ್ರ ಬಳಿ ಒಂದು ವ್ಯಾಗನ್ ಆರ್ ಇದೆ. ನೀವೂ ನೋಡಿರುತ್ತೀರಿ. ಮೂತಿ ಗಿಡ್ಡ, ಮೈ ಎತ್ತರ, ನಿಲ್ಲಿಸಿಟ್ಟ ಟ್ರಂಕಿನ ಹಾಗೆ ಕಾಣುವ ಕಾರು. ಅದಕ್ಕೂ ಕೋಲು ಹಿಡಿದೆವು. ನಾಲ್ಕನೇ ಗೆರೆ ಕುರ್ಚಿಯ ಗೆರೆಗೆ ಎರಡು ಬೆರಳಿನ ಅಂತರದಲ್ಲಿ ಬಂತು!

ಇದು ಆಕಸ್ಮಿಕವೇ? ಅಲ್ಲ. ಯಾರೋ ಕುಳಿತು ಯೋಚಿಸಿ ಮಾಡಿದ್ದು. ಅದರ ಕತೆ ಕೇಳಿ.

ಹತ್ತಿ ಬೆಳೆಯುವವರ ಮಗ

ಜಪಾನಿನಲ್ಲಿ ಹಮಾಮಾತ್ಸು ಎಂಬ ಊರಿದೆ. 1887ರಲ್ಲಿ ಆ ಊರಿನ ಹತ್ತಿರ ಹತ್ತಿ ಬೆಳೆಯುವ ರೈತರ ಮನೆಯಲ್ಲಿ ಮಿಚಿಯೋ ಸುಝುಕಿ ಎಂಬ ಹುಡುಗ ಹುಟ್ಟಿದ. ರಾಣೆಬೆನ್ನೂರಿನ ಮಕ್ಕಳೇ, ಕಿವಿಗೊಡಿ. ನಿಮ್ಮ ಊರಿನ ಹತ್ತಿಯಂತೆಯೇ ಅಲ್ಲಿಯೂ ಹತ್ತಿ. ಹುಡುಗ ಬಡಗಿ ಕೆಲಸ ಕಲಿತ. ಮೊದಲು ತನ್ನ ತಾಯಿಗೆಂದು ಒಂದು ಮಗ್ಗ ಮಾಡಿಕೊಟ್ಟ ಎನ್ನುತ್ತಾರೆ, ಅವಳ ಕೆಲಸ ಹಗುರವಾಗಲೆಂದು. 1909ರಲ್ಲಿ ಮಗ್ಗ ತಯಾರಿಸುವ ಕಾರ್ಖಾನೆ ತೆರೆದ. ಅದು ಬೆಳೆಯಿತು. ಆದರೆ 1951ರಲ್ಲಿ ಹತ್ತಿಯ ಮಾರುಕಟ್ಟೆ ಕುಸಿಯಿತು. ಹತ್ತಿ ಬೆಲೆ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಭಾಗದ ಅಜ್ಜಂದಿರಿಗೆ ಹೇಳಬೇಕಾಗಿಲ್ಲ. ಮಗ್ಗ ಕೊಳ್ಳುವವರು ಕಡಿಮೆಯಾದರು.

ಆಗ ಕಾರ್ಖಾನೆ ಬೇರೆ ದಾರಿ ಹುಡುಕಿತು. 1952ರಲ್ಲಿ ಸೈಕಲ್ಲಿಗೆ ಸಿಕ್ಕಿಸುವ 36 ಸಿ.ಸಿ.ಯ ಪುಟ್ಟ ಎಂಜಿನ್ ಮಾಡಿತು. 1955ರಲ್ಲಿ ಸುಝುಲೈಟ್ ಎಂಬ ಪುಟ್ಟ ಕಾರು ಮಾಡಿತು. ಮಗ್ಗದಿಂದ ಕಾರಿಗೆ ಬಂದವರು ಇವರೊಬ್ಬರೇ ಅಲ್ಲ. ಬೆಂಗಳೂರು ಹತ್ತಿರದ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಮನೆತನದ್ದೂ ಮೊದಲ ಕಸುಬು ಮಗ್ಗವೇ.

ಜಪಾನಿನಲ್ಲಿ ಪುಟ್ಟ ಕಾರುಗಳಿಗೆ ಒಂದು ಪ್ರತ್ಯೇಕ ಜಾತಿಯೇ ಇದೆ. ಅದರ ಹೆಸರು 'ಕೇ', ಅಂದರೆ ಹಗುರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ಹಣವಿರಲಿಲ್ಲ, ಪೆಟ್ರೋಲಿರಲಿಲ್ಲ, ಊರುಗಳಲ್ಲಿ ಜಾಗವೂ ಇರಲಿಲ್ಲ. ಸರ್ಕಾರ 1949ರಲ್ಲಿ ಒಂದು ನಿಯಮ ತಂದಿತು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಎಂಜಿನ್ ದಾಟದ ವಾಹನಗಳು ಈ ಜಾತಿಗೆ ಸೇರುತ್ತವೆ ಎಂದು. ಅವಕ್ಕೆ ತೆರಿಗೆ ಕಡಿಮೆ. ಕಾಲ ಕಳೆದ ಹಾಗೆ ಅಳತೆ ಸ್ವಲ್ಪ ಸ್ವಲ್ಪ ಬೆಳೆಯಿತು. ಎಂಜಿನ್ ಮಿತಿ 1976ರಲ್ಲಿ 550 ಸಿ.ಸಿ., 1990ರಲ್ಲಿ 660 ಸಿ.ಸಿ. ಆಯಿತು. ಈಗಿನ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 2 ಮೀಟರ್ ಎತ್ತರ.

ಮಕ್ಕಳೇ, ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. ಉದ್ದಕ್ಕೆ ಬಿಗಿ, ಅಗಲಕ್ಕೆ ಬಿಗಿ. ಎತ್ತರಕ್ಕೆ ಮಾತ್ರ ಸಡಿಲ! ಗುಟ್ಟು ಇರುವುದು ಇಲ್ಲಿಯೇ. ಆದರೆ ಎಷ್ಟೋ ವರ್ಷ ಕಾರು ಮಾಡುವವರಲ್ಲಿ ಹೆಚ್ಚಿನವರು ಆ ಸಡಿಲನ್ನು ಪೂರ್ತಿ ಬಳಸಲಿಲ್ಲ. ಕಾರೆಂದರೆ ತಗ್ಗಾಗಿರಬೇಕು, ಆಗಲೇ ಚೆಂದ ಎಂದುಕೊಂಡಿದ್ದರು.

ಎಂಜಿನ್ ಅಡ್ಡ ಮಲಗಿತು

ಇಲ್ಲಿ ನಮ್ಮ 800ರ ಮಾತು ಬರಬೇಕು. 1979ರಲ್ಲಿ ಸುಝುಕಿಯವರು ಜಪಾನಿನಲ್ಲಿ ಆಲ್ಟೊ ಎಂಬ ಅಗ್ಗದ ಕಾರನ್ನು 4 ಲಕ್ಷ 70 ಸಾವಿರ ಯೆನ್ ಬೆಲೆಗೆ ಬಿಟ್ಟರು. ಅದರ ಬಳಗದ ಕಾರೇ ನಮ್ಮಲ್ಲಿಗೆ 796 ಸಿ.ಸಿ. ಎಂಜಿನ್ ಇಟ್ಟುಕೊಂಡು ಮಾರುತಿ 800 ಎಂಬ ಹೆಸರಿನಲ್ಲಿ ಬಂತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಕೊಂಡವರ ಕೈಗೆ ಕೊಟ್ಟರು. ಬೆಲೆ ಸುಮಾರು 50 ಸಾವಿರ ರೂಪಾಯಿ.

ಅಜ್ಜಂದಿರಿಗೆ ನೆನಪಿರಬಹುದು. ಅದಕ್ಕೂ ಮುಂಚೆ ಕಾರೆಂದರೆ ಅಂಬಾಸಡರ್ ಮತ್ತು ಫಿಯೆಟ್. ಅಂಬಾಸಡರ್ ಸುಮಾರು 4.3 ಮೀಟರ್ ಉದ್ದ, 1.66 ಮೀಟರ್ ಅಗಲ. 1986ರಲ್ಲಿ ಬಂದ ಎರಡನೇ ರೂಪದ 800 ಬರೀ 3.335 ಮೀಟರ್ ಉದ್ದ, 1.44 ಮೀಟರ್ ಅಗಲ. ಮೊಮ್ಮಗಳಿಗೆ ಗುಣಾಕಾರ ಮಾಡಲು ಹೇಳಿದೆ. ಅಂಬಾಸಡರ್ ನೆಲದ ಮೇಲೆ ಸುಮಾರು 7.1 ಚದರ ಮೀಟರ್ ಜಾಗ ಹಿಡಿಯುತ್ತದೆ, 800 ಸುಮಾರು 4.8. ಮೂರರಲ್ಲಿ ಒಂದು ಪಾಲು ಉಳಿತಾಯ! ಆದರೂ ಒಳಗೆ ನಾಲ್ವರು ಕೂರುತ್ತಿದ್ದರು. ಹೇಗೆ?

ಮೊದಲ ಉಪಾಯ ಇದು. ಹಳೆಯ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಮಲಗಿರುತ್ತಿತ್ತು. ಅದರ ಶಕ್ತಿ ಒಂದು ಉದ್ದನೆಯ ಕಬ್ಬಿಣದ ದಂಡದ ಮೂಲಕ ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಗಾಲಿಗೆ ಹೋಗುತ್ತಿತ್ತು. ಆ ದಂಡಕ್ಕಾಗಿ ಕಾರಿನ ನೆಲದ ನಡುವೆ ಗೂನು ಎದ್ದಿರುತ್ತಿತ್ತು. ನಡುವೆ ಕೂತ ಹುಡುಗನಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಪುಟ್ಟ ಕಾರಿನಲ್ಲಿ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿದರು. ನೆಂಟರು ಬಂದಾಗ ಒಂದೇ ಮಂಚದ ಮೇಲೆ ಮೂರು ಮಕ್ಕಳು ಅಡ್ಡ ಮಲಗುವುದಿಲ್ಲವೇ, ಹಾಗೆ. ಶಕ್ತಿಯನ್ನು ಪಕ್ಕದಲ್ಲೇ ಇರುವ ಮುಂದಿನ ಗಾಲಿಗಳಿಗೆ ಕೊಟ್ಟರು. ಉದ್ದ ದಂಡವೇ ಬೇಡವಾಯಿತು.

ಮುಂದಿನ ಗಾಲಿ ಎಳೆಯುತ್ತದೆ, ಹಿಂದಿನದು ಹಿಂಬಾಲಿಸುತ್ತದೆ. "ಚಕ್ಕಡಿ ಹಂಗ, ಎತ್ತು ಮುಂದ, ಗಾಡಿ ಹಿಂದ" ಎಂದು ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು. ಸರಿಯಾದ ಮಾತು.

ಈ ಉಪಾಯವನ್ನು ಜಗತ್ತಿಗೆಲ್ಲ ಪ್ರಸಿದ್ಧ ಮಾಡಿದ್ದು ಇಂಗ್ಲೆಂಡಿನ ಮಿನಿ ಎಂಬ ಕಾರು. 1956ರಲ್ಲಿ ಸೂಯೆಜ್ ಕಾಲುವೆಯ ಜಗಳದಿಂದ ಅಲ್ಲಿ ಪೆಟ್ರೋಲಿಗೆ ಬರ ಬಂತು. ಆಗ ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರ್ ಹತ್ತು ಅಡಿ ಉದ್ದದ ಕಾರೊಂದನ್ನು ರೂಪಿಸಿದರು. ಅದು 1959ರಲ್ಲಿ ಹೊರಬಂತು. ಹತ್ತು ಅಡಿಯಲ್ಲಿ ಎಂಟು ಅಡಿ ಜನಕ್ಕೂ ಸಾಮಾನಿಗೂ, ಉಳಿದ ಎರಡು ಅಡಿ ಯಂತ್ರಕ್ಕೆ ಎಂಬುದು ಅದರ ಲೆಕ್ಕ.

ಎಂಜಿನ್ ಅಡ್ಡ ಮಲಗಿದ್ದರಿಂದ 800 ಗಿಡ್ಡವಾಯಿತು. ಆದರೆ ಅದು ತಗ್ಗೂ ಆಗಿತ್ತು. ಅದರ ಎತ್ತರ 1.405 ಮೀಟರ್ ಮಾತ್ರ. ಮೊಮ್ಮಗಳು ಅದರ ಪಕ್ಕ ನಿಂತರೆ ಮಾಳಿಗೆ ಅವಳ ತಲೆಯ ಮಟ್ಟಕ್ಕೇ ಬರುತ್ತದೆ. ಅಜ್ಜಿ ಬಗ್ಗಬೇಕು, ತಲೆ ತಗ್ಗಿಸಬೇಕು, ಆಮೇಲೆ ಕುಸಿಯಬೇಕು.

ಆರಾಮ ಕುರ್ಚಿಯ ಪಾಠ

ಎರಡನೇ ಉಪಾಯ ಅರ್ಥವಾಗಲಿ ಎಂದು ನಾವು ಕಟ್ಟೆಯ ಮೇಲೆ ಒಂದು ಆಟ ಆಡಿದೆವು. ನೀವೂ ಆಡಿ ನೋಡಿ.

ನನ್ನ ಆರಾಮ ಕುರ್ಚಿಯನ್ನು ತಂದಿಟ್ಟೆವು. ನಾನು ಅದರಲ್ಲಿ ಒರಗಿ ಕಾಲು ಚಾಚಿದೆ. ತಲೆಯಿಂದ ಹಿಮ್ಮಡಿಯ ತನಕ ಎಷ್ಟು ಜಾಗ ಹಿಡಿಯಿತೋ ಅಷ್ಟಕ್ಕೆ ಮೊಮ್ಮಗಳು ನೆಲದ ಮೇಲೆ ಗೆರೆ ಎಳೆದಳು. ಆಮೇಲೆ ಅಜ್ಜಿ ತನ್ನ ಕಟ್ಟಿಗೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೊಣಕಾಲು ಮಡಿಸಿ, ಪಾದ ನೆಲಕ್ಕೂರಿ. ಅವಳಿಗೂ ಗೆರೆ. ನಾನು ಹಿಡಿದ ಜಾಗದ ಅರ್ಧದಷ್ಟನ್ನೇ ಅಜ್ಜಿ ಹಿಡಿದಿದ್ದಳು. ಆದರೆ ಅವಳ ತಲೆ ನನ್ನ ತಲೆಗಿಂತ ಎತ್ತರದಲ್ಲಿತ್ತು.

ತಗ್ಗು ಕಾರಿನಲ್ಲಿ ಜನ ಆರಾಮ ಕುರ್ಚಿಯಲ್ಲಿದ್ದಂತೆ ಒರಗಿ ಕೂರುತ್ತಾರೆ, ಕಾಲು ಮುಂದಕ್ಕೆ ಚಾಚುತ್ತಾರೆ. ಆ ಕಾಲುಗಳಿಗೆ ಕಾರಿನ ಉದ್ದ ಖರ್ಚಾಗುತ್ತದೆ. ಎತ್ತರದ ಕಾರಿನಲ್ಲಿ ಜನ ಕಟ್ಟಿಗೆಯ ಕುರ್ಚಿಯ ಮೇಲಿದ್ದಂತೆ ನೆಟ್ಟಗೆ ಕೂರುತ್ತಾರೆ. ಕಾಲು ಕೆಳಕ್ಕೆ ಇಳಿಯುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಉಳಿದ ಉದ್ದ ಹಿಂದಿನ ಸೀಟಿನವರಿಗೂ ಚೀಲಗಳಿಗೂ ಸಿಗುತ್ತದೆ. ಊರಲ್ಲಿ ಜಾಗ ಸಾಲದಾಗ ಮನೆಯ ಮೇಲೆ ಮಾಳಿಗೆ ಕಟ್ಟುತ್ತೇವಲ್ಲ, ಅದೇ ಲೆಕ್ಕ.

1993ರಲ್ಲಿ ಸುಝುಕಿಯವರು ಜಪಾನಿನಲ್ಲಿ ವ್ಯಾಗನ್ ಆರ್ ಬಿಟ್ಟಾಗ ಮಾಡಿದ್ದು ಇದನ್ನೇ. ಉದ್ದ-ಅಗಲಗಳ ಮಿತಿಯೊಳಗೇ ಇದ್ದು, ಎತ್ತರದ ಸಡಿಲನ್ನು ಬಳಸಿಕೊಂಡರು. ಆ ಮೊದಲ ಕಾರಿಗೊಂದು ತಮಾಷೆ ಇತ್ತು. ಚಾಲಕನ ಬದಿಗೆ ಒಂದೇ ಬಾಗಿಲು, ಇನ್ನೊಂದು ಬದಿಗೆ ಎರಡು ಬಾಗಿಲು! ಹಿಂದಿನವರು ರಸ್ತೆಯ ಕಡೆ ಇಳಿಯುವಂತಿಲ್ಲ, ಪಕ್ಕಕ್ಕೇ ಇಳಿಯಬೇಕು. ಮುಂದಿನ ಸೀಟಿನ ಕೆಳಗೆ ಎತ್ತಿ ಒಯ್ಯಬಹುದಾದ ಒಂದು ಡಬ್ಬಿಯೂ ಇತ್ತು. ಸೀಟಿನ ಕೆಳಗಿನ ಜಾಗವೂ ವ್ಯರ್ಥವಾಗಬಾರದು ಎಂಬ ಯೋಚನೆ.

ಭಾರತಕ್ಕೆ ಅದು 1999ರ ಡಿಸೆಂಬರಿನಲ್ಲಿ ಬಂತು, ಸ್ವಲ್ಪ ದೊಡ್ಡ ಎಂಜಿನ್ನಿನ ಜತೆ, ನಾಲ್ಕು ಬಾಗಿಲುಗಳ ಜತೆ. 2019ರಲ್ಲಿ ಬಂದ ಈಗಿನ ರೂಪ 3.655 ಮೀಟರ್ ಉದ್ದ, 1.62 ಮೀಟರ್ ಅಗಲ, 1.675 ಮೀಟರ್ ಎತ್ತರ. ನಮ್ಮ 800ಕ್ಕಿಂತ ಇದರ ಮಾಳಿಗೆ 27 ಸೆಂಟಿಮೀಟರ್ ಮೇಲಿದೆ. ಒಂದು ಗೇಣಿಗೂ ಹೆಚ್ಚು. ಅಜ್ಜಿ ತಲೆ ತಗ್ಗಿಸದೆ ಕೂರುವುದಕ್ಕೆ ಕಾರಣ ಆ ಒಂದು ಗೇಣು.

ಒಂದು ಕಹಿ ಮಾತು

ಇಷ್ಟೆಲ್ಲ ಹೊಗಳಿ ಒಂದು ಮಾತು ಮುಚ್ಚಿಟ್ಟರೆ ಅಜ್ಜ ಎನ್ನಿಸಿಕೊಳ್ಳಲು ನಾನು ತಕ್ಕವನಲ್ಲ. ಕೂರಲು ಸುಲಭವಾದದ್ದೆಲ್ಲ ಸುರಕ್ಷಿತ ಎಂದು ತಿಳಿಯಬೇಡಿ.

ಸಣ್ಣ ಕಾರಿಗೆ ಮೂತಿ ಗಿಡ್ಡ. ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳಬೇಕಾದದ್ದು ಆ ಮೂತಿಯೇ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುವ, ಗಾಳಿಚೀಲವಿಲ್ಲದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಬೇರೆ ಬೇರೆ ಕಂಪನಿಗಳ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. 2023ರಲ್ಲಿ ಅದೇ ಸಂಸ್ಥೆ ವ್ಯಾಗನ್ ಆರ್ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಐದರಲ್ಲಿ ಒಂದೇ ನಕ್ಷತ್ರ ಬಂತು, ಮಕ್ಕಳ ರಕ್ಷಣೆಗೆ ಅದೂ ಇಲ್ಲ. ನಮ್ಮ ದೇಶದಲ್ಲಿ ಚಾಲಕನ ಗಾಳಿಚೀಲ ಕಡ್ಡಾಯವಾದದ್ದೇ 2019ರ ಜುಲೈಯಲ್ಲಿ.

ಈ ಅಂಕಿ ಓದಿದಾಗ ನನಗೆ ನಾಚಿಕೆಯೂ ಭಯವೂ ಒಟ್ಟಿಗೆ ಆದವು. ನಾನು 1996ರಲ್ಲಿ 800 ಕೊಂಡವನು. ಅದರ ನಂಬರ್ ಪ್ಲೇಟ್ ಮೇಲೆ ಇಂದಿಗೂ ಧಾರವಾಡದ ಕೆಎ-25 ಇದೆ, ಏಕೆಂದರೆ ಹಾವೇರಿ ಜಿಲ್ಲೆ ಹುಟ್ಟಿ ನಮಗೆ ಕೆಎ-27 ಸಿಕ್ಕದ್ದು ಆಮೇಲೆ, ಅಂದರೆ ಜಿಲ್ಲೆಯಾದದ್ದು 1997ರಲ್ಲಿ. ಆ ಕಾರಿನಲ್ಲಿ ನಾನು ಎಷ್ಟೋ ಸಲ ಆರು ಜನರನ್ನು ತುಂಬಿಕೊಂಡು, ಮಗುವನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಪೂನಾ-ಬೆಂಗಳೂರು ರಸ್ತೆಯಲ್ಲಿ ಹೋಗಿದ್ದೇನೆ. ಏನೂ ಆಗಲಿಲ್ಲ. ಅದು ನನ್ನ ಜಾಣತನವಲ್ಲ, ಅದೃಷ್ಟ.

ಆದ್ದರಿಂದ ನಮ್ಮ ಮನೆಯಲ್ಲಿ ಮೂರು ನಿಯಮಗಳಾದವು. ಒಂದು, ಹಿಂದಿನ ಸೀಟಿನವರೂ ಸೇರಿ ಎಲ್ಲರೂ ಬೆಲ್ಟ್ ಕಟ್ಟುವುದು. ಹಾಗೆ ಕಟ್ಟಬೇಕೆಂಬುದು ಸರ್ಕಾರದ ನಿಯಮವೂ ಹೌದು. ಎರಡು, ಮಕ್ಕಳು ಯಾರ ತೊಡೆಯ ಮೇಲೂ ಕೂರುವುದಿಲ್ಲ. ಮೂರು, ಹೆದ್ದಾರಿಯಲ್ಲಿ ಲಾರಿಗಳ ಜತೆ ಪಂದ್ಯ ಕಟ್ಟುವುದಿಲ್ಲ. ಹೆಗಲಿಂದ ಸೊಂಟಕ್ಕೆ ಬರುವ ಈ ಬೆಲ್ಟನ್ನು ರೂಪಿಸಿದವರು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್. ಮಿನಿ ಬಂದ 1959ರಲ್ಲೇ ಇದೂ ಬಂತು. ಬೇರೆ ಕಂಪನಿಗಳೂ ಇದನ್ನು ಬಳಸಿಕೊಳ್ಳಲಿ ಎಂದು ವೋಲ್ವೋ ಬಿಟ್ಟುಕೊಟ್ಟಿತು. ಅಷ್ಟು ದೊಡ್ಡ ಮನಸ್ಸಿನಿಂದ ಕೊಟ್ಟದ್ದನ್ನು ಕಟ್ಟಿಕೊಳ್ಳಲು ನಮಗೇನು ಸೋಮಾರಿತನ?

ಬ್ಯಾಡಗಿಯ ಗಾಳಿ, ರಾಣೆಬೆನ್ನೂರಿನ ಓಣಿ

ಮೇಷ್ಟ್ರು ಒಂದು ಭಾನುವಾರ ತಮ್ಮ ಕಾರನ್ನೇ ತಂದು ನಿಲ್ಲಿಸಿದರು. ಅಜ್ಜಿ ಬಾಗಿಲ ಬಳಿ ಬಂದಳು. ಮೊಮ್ಮಗಳು ಹೇಳಿಕೊಟ್ಟ ಹಾಗೆ, ಮೊದಲು ಕಾರಿಗೆ ಬೆನ್ನು ಮಾಡಿ, ಕುರ್ಚಿಯ ಮೇಲೆ ಕೂತಂತೆ ಸೀಟಿನ ಅಂಚಿಗೆ ಕೂತಳು. ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಂದುಕೊಂಡಳು. ಯಾರೂ ಕೈ ಹಿಡಿಯಲಿಲ್ಲ. ಬೆಲ್ಟನ್ನು ಮಾತ್ರ ಮೊಮ್ಮಗಳು ಕಟ್ಟಿದಳು. ಅಜ್ಜಿ ಏನೂ ಹೇಳದೆ ಸೆರಗು ಸರಿಮಾಡಿಕೊಂಡು ಮುಂದೆ ನೋಡುತ್ತ ಕೂತಳು.

ಮೊಣಕಾಲು ನೋವಿನ ಅಜ್ಜ-ಅಜ್ಜಿಯರೇ, ಇದನ್ನು ನೆನಪಿಡಿ. ಮೊದಲು ಕೂರುವುದು, ಆಮೇಲೆ ತಿರುಗುವುದು. ಇಳಿಯುವಾಗ ಎರಡೂ ಪಾದ ನೆಲಕ್ಕೆ ಮುಟ್ಟಿದ ಮೇಲೇ ಏಳುವುದು. ಯಾವ ಕಾರಿನಲ್ಲಾದರೂ ಇದು ನೆರವಾಗುತ್ತದೆ.

ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ತನಕ ಹೋಗಿ ಬ್ಯಾಡಗಿಯ ಕಡೆ ತಿರುಗಿದೆವು. ಮಾರುಕಟ್ಟೆ ಹತ್ತಿರವಾದಂತೆ ಗಾಳಿಗೇ ಖಾರ ಬಂತು. ಎಲ್ಲರಿಗೂ ಸೀನು. ಮೇಷ್ಟ್ರು ಒಂದು ಗುಂಡಿ ಸರಿಸಿದರು. ಅದರ ಮೇಲೆ ಕಾರಿನೊಳಗೆ ಸುತ್ತುವ ಬಾಣದ ಚಿತ್ರವಿದೆ. ಹೊರಗಿನ ಗಾಳಿ ಒಳಗೆ ಬರುವುದನ್ನು ತಡೆದು ಒಳಗಿನದನ್ನೇ ಸುತ್ತಿಸುವ ಗುಂಡಿ ಅದು. ಸೀನು ನಿಂತಿತು. ಅದನ್ನು ರೂಪಿಸಿದವರಿಗೆ ಬ್ಯಾಡಗಿ ಗೊತ್ತಿತ್ತೋ ಇಲ್ಲವೋ, ಬ್ಯಾಡಗಿಗೆ ಹೇಳಿಮಾಡಿಸಿದ ಗುಂಡಿ! ಆದರೆ ಬಹಳ ಹೊತ್ತು ಹಾಗೇ ಬಿಡಬಾರದು. ಒಳಗಿನ ಗಾಳಿ ಹಳಸುತ್ತದೆ, ನಿದ್ದೆ ಬರುತ್ತದೆ. ಖಾರ ದಾಟಿದ ಮೇಲೆ ಮತ್ತೆ ಹೊರಗಿನ ಗಾಳಿ ಬಿಡಬೇಕು.

ಅಜ್ಜಿಗೆ ಮಾತ್ರ ಆ ಗುಂಡಿ ಬೇಕಿರಲಿಲ್ಲ. ಕಿಟಕಿ ಇಳಿಸಿ ದೀರ್ಘವಾಗಿ ಉಸಿರೆಳೆದುಕೊಂಡು, ಒಮ್ಮೆ ಜೋರಾಗಿ ಸೀನಿ, ನಕ್ಕಳು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಅದರಲ್ಲಿ ಎರಡು ಬಗೆ. ಅಜ್ಜಿ ಕಾಯಿಗಳನ್ನು ಮುರಿದು, ಸುಕ್ಕು ನೋಡಿ, ಬೀಜ ಅಲ್ಲಾಡಿಸಿ ಕೇಳಿ, ಮೂರು ಅಂಗಡಿ ತಿರಸ್ಕರಿಸಿ ನಾಲ್ಕನೆಯದರಲ್ಲಿ ಡಬ್ಬಿ ಕೊಂಡಳು. ಹೋದ ವರ್ಷ ನಾವು ಮೊದಲ ಅಂಗಡಿಯಲ್ಲೇ ಕೊಂಡಿದ್ದೆವು. ಒಣಮೆಣಸಿನಕಾಯಿ ತೂಕಕ್ಕೆ ಹಗುರ, ಗಾತ್ರಕ್ಕೆ ದೊಡ್ಡದು. ಚೀಲ ಒತ್ತಿದರೆ ಕಾಯಿ ಪುಡಿ. ಎತ್ತರದ ಕಾರಿನ ಡಿಕ್ಕಿಯಲ್ಲಿ ಚೀಲವನ್ನು ನೆಟ್ಟಗೆ ನಿಲ್ಲಿಸಬಹುದು, ಮಲಗಿಸಿ ಒತ್ತಬೇಕಾಗಿಲ್ಲ. ಕಾಯಿಗೂ ಅಜ್ಜಿಯ ಹಾಗೆ ನೆಟ್ಟಗೆ ಕೂರುವುದೇ ಹಿತ ಅನ್ನಿ.

ರಾಣೆಬೆನ್ನೂರಿನಲ್ಲಿ ಅಕ್ಕನ ಮನೆ ಹಳೆಯ ಓಣಿಯೊಂದರ ಕೊನೆಗಿದೆ. ಹೋದ ವರ್ಷ ದೊಡ್ಡ ಗಾಡಿ ಆ ಓಣಿಯ ಬಾಯಿಯಲ್ಲೇ ನಿಂತಿತ್ತು. ಈ ಸಲ ಕಾರು ಮನೆಯ ಕಟ್ಟೆಯ ತನಕ ಹೋಯಿತು. ಮರಳಿ ತಿರುಗಿಸುವುದು ಹೇಗೆ? ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಕಾರು ಒಂದು ವೃತ್ತ ಬರೆಯುತ್ತದೆ. ಆ ವೃತ್ತದ ತ್ರಿಜ್ಯ ಈ ಕಾರಿನದು 4.7 ಮೀಟರ್, ನಮ್ಮ 800ರದು 4.4. ತ್ರಿಜ್ಯದ ಇಮ್ಮಡಿ ಅಗಲದ ರಸ್ತೆ ಇದ್ದರೆ ಒಂದೇ ಸಲಕ್ಕೆ ತಿರುಗುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅಂತರ ಕಡಿಮೆಯಿದ್ದಷ್ಟೂ ವೃತ್ತ ಚಿಕ್ಕದಾಗುತ್ತದೆ. ಓಣಿ ಅಷ್ಟು ಅಗಲವಿರಲಿಲ್ಲ. ಆದರೂ ಪಕ್ಕದ ಮನೆಯ ಅಂಗಳಕ್ಕೆ ಮೂತಿ ಇಟ್ಟು, ಮೂರು ಸಲ ಹಿಂದೆ-ಮುಂದೆ ಮಾಡಿ ಮೇಷ್ಟ್ರು ತಿರುಗಿಸಿಬಿಟ್ಟರು.

ಅಷ್ಟರಲ್ಲಿ ಅಜ್ಜಿ ಎರಡೂ ಪಾದ ನೆಲಕ್ಕೂರಿ ತಾನೇ ಎದ್ದು ನಿಂತಿದ್ದಳು. ಅಕ್ಕ ಬಾಗಿಲಲ್ಲಿದ್ದಳು. ಅವಳಿಗೂ ಮೊಣಕಾಲು ನೋವು, ಮೆಟ್ಟಿಲಿಳಿದು ಬರಲಾರಳು. ಇವಳೇ ನಿಧಾನವಾಗಿ ಹತ್ತಿಹೋದಳು. ಒಂದು ವರ್ಷದ ಮಾತು ಬಾಕಿಯಿತ್ತಲ್ಲ, ಆದರೂ ಇಬ್ಬರೂ ಮೊದಲು ಆಡಿದ್ದು ಮೆಣಸಿನಕಾಯಿಯ ರೇಟು!

ನಾವು ಆ ರಾತ್ರಿ ಅಲ್ಲೇ ಉಳಿದೆವು. ನಮ್ಮ 800ರ ನೋಂದಣಿ ಅವಧಿ ಮುಗಿಯುತ್ತ ಬಂದಿದೆ. ಇನ್ನು ನವೀಕರಿಸುವುದು ಬೇಡ ಎಂದು ಅಲ್ಲೇ ಹಾಸಿಗೆಯಲ್ಲಿ ತೀರ್ಮಾನಿಸಿದೆ. ಮನಸ್ಸಿಗೆ ಸ್ವಲ್ಪ ಸಂಕಟವಾಯಿತು. ಅದು ನನ್ನ ಮೊದಲ ಕಾರು. 2014ರ ಜನವರಿಯಲ್ಲಿ ಆ ಕಾರುಗಳ ತಯಾರಿಕೆಯೇ ನಿಂತಾಗಲೂ ನಾನು ಬಿಡದೆ ಇಟ್ಟುಕೊಂಡಿದ್ದೆ. ಆದರೆ ನನ್ನ ಹಠಕ್ಕೆ ಅಜ್ಜಿ ಮನೆಯಲ್ಲೇ ಕೂರಬಾರದು. ಮುಂದೆ ಕೊಳ್ಳುವ ಕಾರನ್ನು ಆರಿಸುವವರು ಇಬ್ಬರು. ಕೋಲು ಹಿಡಿದು ಸೀಟಿನ ಎತ್ತರ ನೋಡುವವಳು ಮೊಮ್ಮಗಳು. ನಕ್ಷತ್ರಗಳನ್ನೂ ಗಾಳಿಚೀಲಗಳನ್ನೂ ಎಣಿಸುವವನು ನಾನು. ಎರಡರಲ್ಲೂ ಪಾಸಾದ ಕಾರು ಮನೆಗೆ ಬರುತ್ತದೆ, ಅದು ಯಾರದ್ದೇ ಆಗಿರಲಿ.

ಈ ವಾರದ ಮನೆಗೆಲಸ

ಮಕ್ಕಳೇ, ಅಂಗಳದಲ್ಲಿ ರಂಗೋಲಿ ಪುಡಿಯಿಂದಲೋ ಸುಣ್ಣದ ಕಡ್ಡಿಯಿಂದಲೋ ಎರಡು ಆಯತ ಬರೆಯಿರಿ. ಒಂದು 4.3 ಮೀಟರ್ ಉದ್ದ, 1.66 ಮೀಟರ್ ಅಗಲ. ಇನ್ನೊಂದು 3.4 ಮೀಟರ್ ಉದ್ದ, 1.48 ಮೀಟರ್ ಅಗಲ. ಎರಡರೊಳಗೂ ನಾಲ್ಕು ನಾಲ್ಕು ಕುರ್ಚಿ ಹಾಕಿ ಮನೆಯವರನ್ನು ಕೂರಿಸಿ. ಎಂಜಿನ್ನಿಗೂ ಚೀಲಕ್ಕೂ ಜಾಗ ಬಿಡಬೇಕು, ಮರೆಯಬೇಡಿ! ಆಮೇಲೆ ಒಂದು ಕೋಲು ತಂದು ನಿಮ್ಮ ಅಜ್ಜ-ಅಜ್ಜಿ ಸುಲಭವಾಗಿ ಏಳುವ ಕುರ್ಚಿಯ ಎತ್ತರಕ್ಕೆ ಗೆರೆ ಎಳೆಯಿರಿ. ಮನೆಯಲ್ಲಿ ಅವರು ಕೂರುವ ಪ್ರತಿಯೊಂದು ಜಾಗಕ್ಕೂ ಆ ಕೋಲು ಹಿಡಿದು ನೋಡಿ. ಮಂಚ, ಕಟ್ಟೆ, ಬಚ್ಚಲಿನ ಮಣೆ, ಬಸ್ಸಿನ ಮೆಟ್ಟಿಲು. ಎಲ್ಲಿ ಗೆರೆಗಿಂತ ಬಹಳ ಕೆಳಗಿದೆ, ಎಲ್ಲಿ ಬಹಳ ಮೇಲಿದೆ ಎಂದು ಬರೆದಿಟ್ಟುಕೊಳ್ಳಿ. ಮಣೆಯ ಬದಲು ಒಂದು ಸ್ಟೂಲು, ಮೆಟ್ಟಿಲ ಮುಂದೆ ಒಂದು ಚಪ್ಪಡಿ ಇಟ್ಟರೆ ಸಾಕಾದೀತು.

ಅಜ್ಜ-ಅಜ್ಜಿಯರೇ, ಮಕ್ಕಳು ಕೋಲು ಹಿಡಿದು ಬಂದರೆ ಬೈಯಬೇಡಿ. "ನನಗೇನಾಗೇತಿ, ನಾ ಗಟ್ಟಿ ಅದೀನಿ" ಎನ್ನಬೇಡಿ. ನಮ್ಮ ಮನೆಯಾಕೆಯೂ ಒಂದು ವರ್ಷ ಹಾಗೆಯೇ ಅಂದಿದ್ದಳು.

ಮುಂದಿನ ವಾರ ಸಿಗೋಣ. ಅಷ್ಟರೊಳಗೆ ನಮ್ಮ ಮನೆಯ ಮಾಳಿಗೆಯ ಮೇಲೆ ಹರಡಿದ ಮೆಣಸಿನಕಾಯಿ ಒಣಗಿರುತ್ತದೆ.

ನಿಮ್ಮ ಪ್ರೀತಿಯ
ಹಾವೇರಿ ಅಜ್ಜ